ಸೇಬಿನ ಗುಣಮಟ್ಟ ಮತ್ತು ಬಾಳಿಕೆ: ತೋಟದ ಸಿಂಪರಣೆಗಳ ಪಾತ್ರ

ಪ್ರಸ್ತಾವನೆ

ಕೊಯ್ಲಿನ ದಿನ ನಿಷ್ಕಳಂಕವಾಗಿ ಕಂಡ ಸೇಬು ಶೀತಲಗೃಹದಲ್ಲಿ ಒಂದೆರಡು ತಿಂಗಳು ಕಳೆಯುವಷ್ಟರಲ್ಲಿ ತೊಟ್ಟಿಗೆ ಎದುರಾದ ತುದಿಯಲ್ಲಿ ಸಣ್ಣ ಸಣ್ಣ ಕಂದು ಕುಳಿಗಳನ್ನು ತೋರಿಸುವುದುಂಟು. ಸಿಪ್ಪೆಯನ್ನು ತೆಗೆದು ನೋಡಿದರೆ ಅದರ ಅಡಿಯಲ್ಲಿ ತಿರುಳು ಒಣಗಿ ಬೆಂಡಿನಂತಾಗಿರುತ್ತದೆ, ನಾಲಿಗೆಗೆ ಕಹಿಯಾಗಿರುತ್ತದೆ. ಅಲ್ಲಿ ಯಾವ ಕೀಟವಾಗಲಿ, ಶಿಲೀಂಧ್ರವಾಗಲಿ ಇರುವುದಿಲ್ಲ. ಬೆಳೆಗಾರನು ಶೀತಲಗೃಹದವರನ್ನು ದೂರುತ್ತಾನೆ, ಶೀತಲಗೃಹದವರು ಬೆಳೆಗಾರನನ್ನು ದೂರುತ್ತಾರೆ. ವಿಜ್ಞಾನದ ಉತ್ತರ ಮಾತ್ರ ಸ್ಪಷ್ಟವಾಗಿದೆ: ಆ ಕುಳಿ ಕಾಣಿಸಿಕೊಂಡದ್ದು ಉಗ್ರಾಣದಲ್ಲಿ, ಆದರೆ ಅದಕ್ಕೆ ಬುನಾದಿ ಬಿದ್ದದ್ದು ತೋಟದಲ್ಲಿ, ಹಣ್ಣು ಇನ್ನೂ ಹೀಚಾಗಿದ್ದಾಗ.

ಹಣ್ಣಿನ ಬಾಳಿಕೆಯನ್ನು ಶೀತಲಗೃಹದ ಸಾಧನೆಯೆಂದು ಭಾವಿಸುವುದು ವಾಡಿಕೆ. ವಾಸ್ತವವಾಗಿ ಶೀತಲಗೃಹವು ಹಣ್ಣಿಗೆ ಹೊಸ ಗುಣವನ್ನೇನೂ ಕೊಡುವುದಿಲ್ಲ. ಇರುವ ಗುಣದ ಕ್ಷಯವನ್ನು ನಿಧಾನಗೊಳಿಸುತ್ತದೆ, ಅಷ್ಟೆ. ತಿರುಳಿನ ಗಡಸು, ಖನಿಜಾಂಶಗಳ ಸಮತೋಲನ, ಪಕ್ವತೆಯ ಹಂತ, ಸಿಪ್ಪೆಯ ಸ್ಥಿತಿ ಇವೆಲ್ಲವೂ ಕೊಯ್ಲಿಗೆ ಮೊದಲೇ ನಿಶ್ಚಿತವಾಗಿರುತ್ತವೆ. ಇವುಗಳನ್ನು ತಿದ್ದಲು ತೋಟಗಾರನ ಕೈಯಲ್ಲಿರುವ ಸಾಧನಗಳಲ್ಲಿ ಸಿಂಪರಣೆಯೂ ಒಂದು. ಈ ಸಿಂಪರಣೆಗಳು ಹೇಗೆ ಕೆಲಸ ಮಾಡುತ್ತವೆ, ಯಾವುವು ಹಣ್ಣಿನ ಒಳಗುಣವನ್ನು ಹೆಚ್ಚಿಸುತ್ತವೆ, ಯಾವುವು ಹೊರನೋಟಕ್ಕಾಗಿ ಬಾಳಿಕೆಯನ್ನು ಬಲಿಗೊಡುತ್ತವೆ ಎಂಬುದನ್ನು, ಮುಖ್ಯವಾಗಿ ಹಿಮಾಲಯದ ಸೇಬಿನ ತೋಟಗಳನ್ನು ಗಮನದಲ್ಲಿರಿಸಿಕೊಂಡು, ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕಹಿಕುಳಿ: ಒಂದು ಶತಮಾನದ ಶೋಧ

ಈ ವಿಕಾರವನ್ನು ಜರ್ಮನಿಯಲ್ಲಿ 1869ರಲ್ಲಿ ಯೇಗರ್ ವರ್ಣಿಸಿದರು. ಆಸ್ಟ್ರೇಲಿಯದಲ್ಲಿ ಎನ್. ಎ. ಕಾಬ್ 1895ರಲ್ಲಿ ಇದಕ್ಕೆ ‘ಬಿಟರ್ ಪಿಟ್’ ಎಂಬ ಹೆಸರನ್ನು ಕೊಟ್ಟರು. ಕನ್ನಡದಲ್ಲಿ ಇದನ್ನು ‘ಕಹಿಕುಳಿ’ ಎನ್ನಬಹುದು. ದೂರದ ಇಂಗ್ಲೆಂಡಿಗೆ ಹಡಗಿನಲ್ಲಿ ಹಣ್ಣನ್ನು ಕಳುಹಿಸುತ್ತಿದ್ದ ಆಸ್ಟ್ರೇಲಿಯದ ಬೆಳೆಗಾರರಿಗೆ ಇದು ದೊಡ್ಡ ಪಿಡುಗಾಗಿತ್ತು. ಹೊರಡುವಾಗ ಚೆನ್ನಾಗಿದ್ದ ಸರಕು ತಲಪುವಾಗ ಕೆಟ್ಟಿರುತ್ತಿತ್ತು. ಸಸ್ಯರೋಗತಜ್ಞ ಡೇನಿಯಲ್ ಮೆಕ್‌ಆಲ್ಪೈನ್ 1911ರಿಂದ 1916ರವರೆಗೆ ಈ ಒಂದೇ ಸಮಸ್ಯೆಯ ಮೇಲೆ ಐದು ವರದಿಗಳನ್ನು ಹೊರತಂದರು. ಇದು ರೋಗಾಣುವಿನಿಂದ ಬರುವ ರೋಗವಲ್ಲ, ಹಣ್ಣಿನ ಬೆಳವಣಿಗೆಯ ಏರುಪೇರಿಗೆ ಸಂಬಂಧಿಸಿದ ವಿಕಾರ ಎಂಬ ತೀರ್ಮಾನಕ್ಕೆ ಅವರು ಬಂದಿದ್ದರು. ಅದೇ ಕಾಲದಲ್ಲಿ ಮೆಲ್ಬರ್ನಿನ ಸಸ್ಯವಿಜ್ಞಾನಿ ಆಲ್‌ಫ್ರೆಡ್ ಈವರ್ಟ್ ತೋಟಗಳಲ್ಲಿ ಬಳಕೆಯಲ್ಲಿದ್ದ ವಿಷದ ಸಿಂಪರಣೆಗಳ ಕಡೆ ಬೆರಳು ತೋರಿಸಿದ್ದರು. ಮುಂದೆ ಪರಿಹಾರವಾಗಿ ಬಂದದ್ದೂ ಇನ್ನೊಂದು ಬಗೆಯ ಸಿಂಪರಣೆಯೇ ಎಂಬುದು ಈ ಚರಿತ್ರೆಯ ಒಂದು ವೈಚಿತ್ರ್ಯ.

ಸಮಸ್ಯೆಯ ಬೀಗದ ಕೈ ದೊರೆತದ್ದು 1936ರಲ್ಲಿ. ಕೆನಡದ ಡಬ್ಲ್ಯು. ಎ. ಡಿಲಾಂಗ್ ಇಂತಹುದೇ ವಿಕಾರಕ್ಕೆ ಒಳಗಾದ ಸೇಬುಗಳ ಬೂದಿಯನ್ನು ವಿಶ್ಲೇಷಿಸಿ, ಅವುಗಳಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವುದನ್ನು ತೋರಿಸಿದರು. ಈ ಸೂಚನೆ ಪ್ರಯೋಗಕ್ಕೆ ಇಳಿಯಲು ಮತ್ತೆ ಎರಡು ದಶಕಗಳು ಬೇಕಾದವು. ಅಮೆರಿಕದ ಕನೆಕ್ಟಿಕಟ್ ಕೃಷಿ ಪ್ರಯೋಗ ಕೇಂದ್ರದಲ್ಲಿ ಗಾರ್ಮನ್ ಮತ್ತು ಮ್ಯಾಥಿಸ್ 1956ರಲ್ಲಿ ಪ್ರಕಟಿಸಿದ ಅಧ್ಯಯನವು, ಮರಗಳ ಮೇಲೆ ಕ್ಯಾಲ್ಸಿಯಂ ಲವಣಗಳನ್ನು ಸಿಂಪಡಿಸಿದಾಗ ಬಾಲ್ಡ್‌ವಿನ್ ತಳಿಯ ಹಣ್ಣುಗಳಲ್ಲಿ ಕಲೆಗಳು ಕಡಿಮೆಯಾಗುವುದನ್ನು ದೃಢಪಡಿಸಿತು. ಅಲ್ಲಿಂದ ಮುಂದೆ ಕ್ಯಾಲ್ಸಿಯಂ ಸಿಂಪರಣೆ ಜಗತ್ತಿನ ಸೇಬಿನ ನಾಡುಗಳಲ್ಲೆಲ್ಲ ಹರಡಿತು. ಇಂಗ್ಲೆಂಡಿನಲ್ಲಿ ಕಾಕ್ಸ್ ಆರೆಂಜ್ ಪಿಪಿನ್ ತಳಿಯ ಹಣ್ಣುಗಳನ್ನು ಉಗ್ರಾಣಕ್ಕೆ ಸೇರಿಸುವ ಮೊದಲೇ ಖನಿಜ ವಿಶ್ಲೇಷಣೆಗೆ ಒಳಪಡಿಸಿ, ಯಾವ ತೋಟದ ಹಣ್ಣನ್ನು ಎಷ್ಟು ಕಾಲ ಇಡಬಹುದೆಂದು ಮುನ್ಸೂಚನೆ ಕೊಡುವ ಪದ್ಧತಿಯೇ ಬೆಳೆಯಿತು. 100 ಗ್ರಾಂ ತಾಜಾ ಹಣ್ಣಿನಲ್ಲಿ 4.5ರಿಂದ 5 ಮಿಲಿಗ್ರಾಂ ಕ್ಯಾಲ್ಸಿಯಂ ಎಂಬುದು ಆ ತಳಿಯ ದೀರ್ಘ ಶೇಖರಣೆಗೆ ಬೇಕಾದ ಕನಿಷ್ಠ ಪ್ರಮಾಣವೆಂದು ಪರಿಗಣಿತವಾಯಿತು.

ಮಣ್ಣಿನಲ್ಲಿ ಸಮೃದ್ಧಿ, ಹಣ್ಣಿನಲ್ಲಿ ಕೊರತೆ

ಕ್ಯಾಲ್ಸಿಯಂ ಹಣ್ಣಿನಲ್ಲಿ ಎರಡು ಮುಖ್ಯ ಕೆಲಸಗಳನ್ನು ಮಾಡುತ್ತದೆ. ಮೊದಲನೆಯದು ಕಟ್ಟಡದ ಗಾರೆಯ ಕೆಲಸ. ಪಕ್ಕಪಕ್ಕದ ಜೀವಕೋಶಗಳ ನಡುವಿನ ಪದರದಲ್ಲಿ ಪೆಕ್ಟಿನ್ ಎಂಬ ಪದಾರ್ಥದ ಉದ್ದನೆಯ ಸರಪಳಿಗಳಿರುತ್ತವೆ. ಎರಡು ಧನಾವೇಶಗಳಿರುವ ಕ್ಯಾಲ್ಸಿಯಂ ಅಯಾನು ಇಂತಹ ಎರಡು ಸರಪಳಿಗಳನ್ನು ಒಟ್ಟಿಗೆ ಹಿಡಿದು ಬಂಧಿಸುತ್ತದೆ. ಈ ಬಂಧ ಗಟ್ಟಿಯಾಗಿರುವವರೆಗೆ ತಿರುಳು ಗರಿಗರಿಯಾಗಿರುತ್ತದೆ. ಪಕ್ವತೆಯ ಕಿಣ್ವಗಳು ಪೆಕ್ಟಿನ್ನನ್ನು ಕರಗಿಸುವುದು ತಡವಾಗುತ್ತದೆ. ಎರಡನೆಯದು ಪೊರೆಯ ರಕ್ಷಣೆ. ಜೀವಕೋಶದ ಪೊರೆಯ ಹೊರಮೈಯಲ್ಲಿರುವ ಕ್ಯಾಲ್ಸಿಯಂ ಅದರ ಸೋರಿಕೆಯನ್ನು ತಡೆಯುತ್ತದೆ. ಕ್ಯಾಲ್ಸಿಯಂ ತೀರ ಕಡಿಮೆಯಾದೆಡೆ ಪೊರೆ ಶಿಥಿಲಗೊಂಡು ಕೋಶದ ಒಳದ್ರವ ಹೊರಬರುತ್ತದೆ, ಕೋಶಗಳು ಸಾಯುತ್ತವೆ. ಸತ್ತ ಕೋಶಗಳ ಆ ಪುಟ್ಟ ಗುಂಪೇ ಕಹಿಕುಳಿ. ಕ್ಯಾಲ್ಸಿಯಂ ಸಾಕಷ್ಟಿರುವ ಹಣ್ಣಿನ ಉಸಿರಾಟದ ವೇಗವೂ ಕಡಿಮೆ. ಹೀಗಾಗಿ ಕುಳಿ ಬೀಳದ ಹಣ್ಣಿನಲ್ಲಿಯೂ ಕ್ಯಾಲ್ಸಿಯಂ ಬಾಳಿಕೆಯನ್ನು ಹೆಚ್ಚಿಸುತ್ತದೆ.

ಮಣ್ಣಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರುವ ತೋಟದಲ್ಲಿಯೂ ಹಣ್ಣಿನಲ್ಲಿ ಅದರ ಕೊರತೆ ಉಂಟಾಗುವುದು ಈ ವಿಷಯದ ಕೇಂದ್ರ ಒಗಟು. ಸೇಬಿನ ಎಲೆಯ ಒಣತೂಕದಲ್ಲಿ ಶೇ. 1ರಿಂದ 2ರಷ್ಟು ಕ್ಯಾಲ್ಸಿಯಂ ಇದ್ದರೆ ಹಣ್ಣಿನಲ್ಲಿ ಅದರ ಹತ್ತಾರು ಪಟ್ಟು ಕಡಿಮೆ ಇರುತ್ತದೆ. ಇದಕ್ಕೆ ಕಾರಣ ಸಾಗಾಟದ ಮಾರ್ಗ. ಸಸ್ಯದಲ್ಲಿ ಬೇರಿನಿಂದ ನೀರನ್ನು ಮೇಲಕ್ಕೊಯ್ಯುವ ಜಲವಾಹಕ ಅಂಗಾಂಶ ಒಂದು. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಇತರ ಭಾಗಗಳಿಗೆ ಹಂಚುವ ಆಹಾರವಾಹಕ ಅಂಗಾಂಶ ಇನ್ನೊಂದು. ಪೊಟ್ಯಾಸಿಯಂ ಎರಡರಲ್ಲಿಯೂ ಸರಾಗವಾಗಿ ಚಲಿಸುತ್ತದೆ. ಕ್ಯಾಲ್ಸಿಯಂ ಮಾತ್ರ ಬಹುಮಟ್ಟಿಗೆ ಜಲವಾಹಕವನ್ನೇ ನೆಚ್ಚಿಕೊಂಡಿದೆ. ನೀರು ಎಲ್ಲಿ ಹೆಚ್ಚು ಆವಿಯಾಗುತ್ತದೆಯೋ ಅಲ್ಲಿಗೆ ಅದು ಹೋಗುತ್ತದೆ. ಹಾಗೆ ಹೋದದ್ದು ಮತ್ತೆ ಹಿಂದಿರುಗುವುದಿಲ್ಲ. ಅಗಲವಾದ ಎಲೆಗಳ ಮತ್ತು ಭರದಿಂದ ಬೆಳೆಯುವ ಚಿಗುರುಗಳ ಮುಂದೆ, ಮೇಣದ ಪದರವನ್ನು ಹೊದ್ದ ಹಣ್ಣು ಈ ಪೈಪೋಟಿಯಲ್ಲಿ ಸೋಲುತ್ತದೆ.

ಕಾಲವೂ ಹಣ್ಣಿಗೆ ಪ್ರತಿಕೂಲ. ಹೂ ಬಿಟ್ಟ ನಂತರದ ಮೊದಲ ಕೆಲವು ವಾರಗಳಲ್ಲಿ, ಕೋಶವಿಭಜನೆ ನಡೆಯುವಾಗ, ಹಣ್ಣಿಗೆ ಕ್ಯಾಲ್ಸಿಯಂ ಚೆನ್ನಾಗಿಯೇ ಬರುತ್ತದೆ. ಅನಂತರ ಹಣ್ಣು ಹಿಗ್ಗಿದಂತೆ ಅದರೊಳಗಿನ ಜಲವಾಹಕ ನಾಳಗಳು ಹಲವೆಡೆ ಕಡಿದು ನಿಷ್ಕ್ರಿಯವಾಗುತ್ತವೆ. ಪೂರೈಕೆ ಕುಗ್ಗುತ್ತದೆ, ಗಾತ್ರ ಮಾತ್ರ ಹೆಚ್ಚುತ್ತಲೇ ಹೋಗುತ್ತದೆ. ಒಂದು ಲೆಕ್ಕದಿಂದ ಇದನ್ನು ಸ್ಪಷ್ಟಪಡಿಸಬಹುದು. ಒಂದು ಹಣ್ಣಿಗೆ ಒಟ್ಟು 8 ಮಿಲಿಗ್ರಾಂ ಕ್ಯಾಲ್ಸಿಯಂ ದೊರೆತಿದೆಯೆಂದು ಭಾವಿಸೋಣ. ಅದು 150 ಗ್ರಾಂ ತೂಗಿದರೆ 100 ಗ್ರಾಂಗೆ 5.3 ಮಿಲಿಗ್ರಾಂ ಆಗುತ್ತದೆ. ಅದೇ ಹಣ್ಣು 220 ಗ್ರಾಂಗೆ ಬೆಳೆದರೆ ಪ್ರಮಾಣ 3.6 ಮಿಲಿಗ್ರಾಂಗೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಹೆಚ್ಚು ಬೆಲೆ ತರುವ ದಪ್ಪ ಹಣ್ಣೇ ಉಗ್ರಾಣದಲ್ಲಿ ಮೊದಲು ಕೆಡುವುದರ ರಹಸ್ಯ ಇದು. ಕಡಿಮೆ ಫಸಲು ಹೊತ್ತ ಮರ, ಎಳೆಯ ಮರ, ಅತಿಯಾದ ಸಾರಜನಕ, ತೀವ್ರವಾದ ಚಾಟನಿ, ಹೆಚ್ಚಿದ ಪೊಟ್ಯಾಸಿಯಂ ಮತ್ತು ಮೆಗ್ನೀಸಿಯಂ, ಅನಿಯಮಿತ ನೀರು ಇವೆಲ್ಲವೂ ಕಹಿಕುಳಿಯನ್ನು ಹೆಚ್ಚಿಸುವುದು ಇದೇ ತತ್ತ್ವದಿಂದ.

ಕ್ಯಾಲ್ಸಿಯಂ ಸಿಂಪರಣೆಯ ಕಾರ್ಯವಿಧಾನ

ಬೇರಿನಿಂದ ಹಣ್ಣಿಗಿರುವ ದಾರಿ ಇಷ್ಟು ದುರ್ಗಮವಾಗಿರುವಾಗ ಉಳಿಯುವ ನೇರ ಮಾರ್ಗ ಹಣ್ಣಿನ ಸಿಪ್ಪೆ. ಎಲೆಯ ಮೇಲೆ ಬಿದ್ದ ಕ್ಯಾಲ್ಸಿಯಂ ಎಲೆಯಲ್ಲೇ ಉಳಿಯುವುದರಿಂದ, ಹಣ್ಣಿನ ಮೇಲೆಯೇ ಬಿದ್ದ ಹನಿ ಮಾತ್ರ ಹಣ್ಣಿಗೆ ಉಪಯುಕ್ತ. ಸಿಂಪರಣೆಯ ಯಶಸ್ಸಿಗೆ ರಾಸಾಯನಿಕದ ಆಯ್ಕೆಯಷ್ಟೇ ಹಣ್ಣಿನ ಎಲ್ಲ ಭಾಗಗಳೂ ನೆನೆಯುವಂತೆ ಸಿಂಪಡಿಸುವುದೂ ಮುಖ್ಯವೆಂಬುದು ಇದರಿಂದ ತಿಳಿಯುತ್ತದೆ. ಒತ್ತಾಗಿ ಬೆಳೆದ, ಒಳಗೆ ಬೆಳಕು ಗಾಳಿ ಆಡದ ಮರದಲ್ಲಿ ಎಷ್ಟೇ ದ್ರಾವಣ ಸುರಿದರೂ ನಡುವಿನ ಹಣ್ಣುಗಳು ಒಣಗಿಯೇ ಉಳಿಯುತ್ತವೆ.

ಹೆಚ್ಚು ಬಳಕೆಯಲ್ಲಿರುವ ಲವಣ ಕ್ಯಾಲ್ಸಿಯಂ ಕ್ಲೋರೈಡ್. ಇದು ಅಗ್ಗ, ನಿರ್ಜಲ ರೂಪದಲ್ಲಿ ಇದರ ತೂಕದ ಶೇ. 36ರಷ್ಟು ಕ್ಯಾಲ್ಸಿಯಂ ಇದೆ. ಇದಕ್ಕಿಂತ ಮಹತ್ತ್ವದ್ದು ಅದರ ನೀರನ್ನು ಹೀರುವ ಗುಣ. ಸಿಪ್ಪೆಯ ಮೇಲಿನ ಹನಿ ಪೂರ್ತಿ ಒಣಗಿ ಹರಳಾದರೆ ಒಳಸೇರುವಿಕೆ ನಿಂತುಬಿಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡ್ ಗಾಳಿಯ ತೇವಾಂಶ ಶೇ. 33ರಷ್ಟಿದ್ದರೂ ಅದನ್ನು ಹೀರಿ ದ್ರವವಾಗಿಯೇ ಉಳಿಯಬಲ್ಲುದು. ಕ್ಯಾಲ್ಸಿಯಂ ನೈಟ್ರೇಟಿಗೆ ಸುಮಾರು ಶೇ. 56 ತೇವಾಂಶ ಬೇಕು. ಹಗಲು ಒಣಗಿದ ಲವಣವು ರಾತ್ರಿಯ ತೇವಕ್ಕೆ ಮತ್ತೆ ಕರಗಿ ಹಲವು ದಿನಗಳವರೆಗೆ ಸ್ವಲ್ಪ ಸ್ವಲ್ಪವೇ ಒಳಸೇರುತ್ತದೆ. ಎಳೆಯ ಹಣ್ಣಿನಲ್ಲಿ ಪತ್ರರಂಧ್ರಗಳ ಮೂಲಕವೂ, ಬಲಿತ ಹಣ್ಣಿನಲ್ಲಿ ಆ ರಂಧ್ರಗಳೇ ಮಾರ್ಪಟ್ಟು ಉಂಟಾದ ಸಿಪ್ಪೆಯ ಚುಕ್ಕೆಗಳು ಹಾಗೂ ಮೇಣದ ಪದರದ ಸೂಕ್ಷ್ಮ ಬಿರುಕುಗಳ ಮೂಲಕವೂ ಈ ಪ್ರವೇಶ ನಡೆಯುತ್ತದೆ.

ಸಾಮಾನ್ಯವಾಗಿ ಶೇ. 0.3ರಿಂದ 0.5ರ ದ್ರಾವಣವನ್ನು, ಹೀಚು ಉದುರುವ ಹಂತ ಮುಗಿದ ಮೇಲೆ, ಎರಡು ಮೂರು ವಾರಗಳ ಅಂತರದಲ್ಲಿ ಹಲವು ಬಾರಿ ಸಿಂಪಡಿಸಲಾಗುತ್ತದೆ. ಹಿಮಾಚಲದ ತೋಟಗಳಲ್ಲಿ 200 ಲೀಟರಿನ ಪೀಪಾಯಿಯೇ ಅಳತೆಯ ಮಾನವಾಗಿದ್ದು, ಅದಕ್ಕೆ ಒಂದು ಕಿಲೋಗ್ರಾಂ ಲವಣ ಬೆರೆಸಿದರೆ ಶೇ. 0.5ರ ದ್ರಾವಣ ಸಿದ್ಧವಾಗುತ್ತದೆ. ಒಂದೇ ಬಾರಿಗೆ ತೀಕ್ಷ್ಣವಾದ ದ್ರಾವಣವನ್ನು ಬಳಸಿ ಶ್ರಮ ಉಳಿಸುವ ಪ್ರಯತ್ನ ಎಲೆಯ ಅಂಚುಗಳನ್ನು ಸುಡುತ್ತದೆ. ಬಿಸಿಲಿನ ತಾಪ ಹೆಚ್ಚಿರುವ ಹೊತ್ತಿನಲ್ಲಿ ಸಿಂಪಡಿಸಿದರೂ ಅದೇ ಪರಿಣಾಮ. ಕ್ಯಾಲ್ಸಿಯಂ ನೈಟ್ರೇಟ್ ಕೆಲವು ಕೆಂಪು ತಳಿಗಳ ಸಿಪ್ಪೆಯಲ್ಲಿ ಕಲೆಗಳನ್ನುಂಟುಮಾಡುವುದುಂಟು. ಕ್ಯಾಲ್ಸಿಯಂ ಕ್ಲೋರೈಡನ್ನು ಮೆಗ್ನೀಸಿಯಂ ಸಲ್ಫೇಟಿನಂತಹ ಸಲ್ಫೇಟ್ ಲವಣಗಳೊಡನೆ ಒಂದೇ ಪೀಪಾಯಿಯಲ್ಲಿ ಬೆರೆಸಿದರೆ ಜಿಪ್ಸಂ ಒತ್ತರಿಸಿ ತಳ ಸೇರುತ್ತದೆ, ಸಿಂಪರಣಾ ಯಂತ್ರದ ಮೂತಿ ಕಟ್ಟಿಕೊಳ್ಳುತ್ತದೆ. ಫಾಸ್ಫೇಟುಗಳ ವಿಷಯದಲ್ಲಿಯೂ ಇದೇ ಎಚ್ಚರ ಅಗತ್ಯ.

ಸಿಂಪರಣೆಯಿಂದ ಆಗುವ ಹೆಚ್ಚಳ ಬಹಳ ದೊಡ್ಡದಲ್ಲ ಎಂಬುದನ್ನು ಮರೆಯಬಾರದು. ಪೂರ್ತಿ ಕ್ರಮವನ್ನು ಪಾಲಿಸಿದರೂ ಅದು ಬಹುಮಟ್ಟಿಗೆ 100 ಗ್ರಾಂ ಹಣ್ಣಿಗೆ ಒಂದು ಮಿಲಿಗ್ರಾಂನ ಒಳಗೇ ಇರುತ್ತದೆ. ಗಡಿಯ ಅಂಚಿನಲ್ಲಿರುವ ಹಣ್ಣನ್ನು ಈ ಅಲ್ಪ ಹೆಚ್ಚಳ ಗಡಿ ದಾಟಿಸಬಲ್ಲುದು. ತೀವ್ರ ಕೊರತೆಯ ಹಣ್ಣಿಗೆ, ಅಂದರೆ ಸಾರಜನಕ ಸುರಿದು ದಪ್ಪವಾಗಿಸಿದ ಹಣ್ಣಿಗೆ, ಸಿಂಪರಣೆ ಮಾತ್ರವೇ ಸಾಲದು. ಕೊಯ್ಲಿನ ನಂತರ ಹಣ್ಣನ್ನು ಶೇ. 2ರಿಂದ 4ರ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣದಲ್ಲಿ ಅದ್ದುವ ವಿಧಾನವೂ ಇದೆ. ಆದರೆ ಕೊಳೆತ ಹಣ್ಣಿನ ಶಿಲೀಂಧ್ರಗಳು ಅದ್ದುವ ತೊಟ್ಟಿಯ ಮೂಲಕ ಇತರ ಹಣ್ಣುಗಳಿಗೂ ಹರಡುವ ಅಪಾಯ ಅದರಲ್ಲಿರುವುದರಿಂದ ತೋಟದ ಸಿಂಪರಣೆಗೆ ಆದ್ಯತೆ ದೊರೆತಿದೆ.

ಹಿಮಾಲಯದ ತೋಟಗಳ ಸಂದರ್ಭ

ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯ ಬಂದ್ರೋಲಿನಲ್ಲಿ ಕ್ಯಾಪ್ಟನ್ ಆರ್. ಸಿ. ಲೀ 1870ರಲ್ಲಿ ಸೇಬಿನ ತೋಟವನ್ನು ಹಾಕಿದರು. ಅಮೆರಿಕದಿಂದ 1904ರಲ್ಲಿ ಭಾರತಕ್ಕೆ ಬಂದು, ಮುಂದೆ ಸತ್ಯಾನಂದ ಎಂಬ ಹೆಸರನ್ನು ಪಡೆದ ಸ್ಯಾಮ್ಯುಯಲ್ ಸ್ಟೋಕ್ಸ್ ಶಿಮ್ಲಾ ಬೆಟ್ಟಗಳ ಕೋಟ್‌ಗಢದಲ್ಲಿ 1910ರ ದಶಕದಲ್ಲಿ ಡೆಲಿಷಿಯಸ್ ವರ್ಗದ ತಳಿಗಳನ್ನು ನೆಟ್ಟ ಮೇಲೆ ವಾಣಿಜ್ಯ ಬೇಸಾಯಕ್ಕೆ ನೆಲೆ ಒದಗಿತು. ಇಂದು ಹಿಮಾಚಲ ಮತ್ತು ಕಾಶ್ಮೀರಗಳ ಲಕ್ಷಾಂತರ ಕುಟುಂಬಗಳು ಈ ಬೆಳೆಯನ್ನು ನೆಚ್ಚಿಕೊಂಡಿವೆ. ಸೋಲನ್ ಬಳಿಯ ನೌಣಿಯಲ್ಲಿ 1985ರಲ್ಲಿ ಆರಂಭವಾದ ಡಾ. ಯಶವಂತ ಸಿಂಗ್ ಪರ್ಮಾರ್ ತೋಟಗಾರಿಕೆ ಮತ್ತು ಅರಣ್ಯ ವಿಶ್ವವಿದ್ಯಾಲಯ, ಕಾಶ್ಮೀರದ ಶೇರ್-ಎ-ಕಾಶ್ಮೀರ್ ಕೃಷಿ ವಿಶ್ವವಿದ್ಯಾಲಯ ಹಾಗೂ ಶ್ರೀನಗರದ ಕೇಂದ್ರೀಯ ಸಮಶೀತೋಷ್ಣ ತೋಟಗಾರಿಕಾ ಸಂಸ್ಥೆ ಈ ಬೆಳೆಯ ಸಂಶೋಧನೆಯ ಪ್ರಮುಖ ಕೇಂದ್ರಗಳಾಗಿವೆ.

ಈ ಪ್ರದೇಶದ ಪರಿಸ್ಥಿತಿಯಲ್ಲಿ ಬಾಳಿಕೆಯ ಪ್ರಶ್ನೆಗೆ ವಿಶೇಷ ತೀವ್ರತೆ ಇದೆ. ಹಿಮಾಚಲದ ತೋಟಗಳಲ್ಲಿ ಬಹುಪಾಲು ಮಳೆಯಾಶ್ರಿತ. ಬೇಸಿಗೆಯ ಒಣಹವೆಯ ಬೆನ್ನಿಗೆ ಮುಂಗಾರಿನ ಜಡಿಮಳೆ ಬಂದಾಗ ಹಣ್ಣು ಹಠಾತ್ತನೆ ಹಿಗ್ಗುತ್ತದೆ. ಕ್ಯಾಲ್ಸಿಯಂ ಹಾಗೆ ಹಠಾತ್ತನೆ ಬಾರದು. ಮಳೆಯ ದಿನಗಳಲ್ಲಿ ಸಿಂಪರಣೆ ತೊಳೆದುಹೋಗುತ್ತದೆ. ಸಾಗಾಟದ ತೊಡಕು ಇದಕ್ಕೆ ಸೇರಿಕೊಳ್ಳುತ್ತದೆ. 2025ರ ಆಗಸ್ಟ್–ಸೆಪ್ಟೆಂಬರ್ ತಿಂಗಳುಗಳಲ್ಲಿ ಭಾರಿ ಮಳೆ ಮತ್ತು ಭೂಕುಸಿತಗಳಿಂದ ಶ್ರೀನಗರ–ಜಮ್ಮು ಹೆದ್ದಾರಿ ಮುಚ್ಚಿದಾಗ, ಸೇಬು ತುಂಬಿದ ಲಾರಿಗಳು ದಿನಗಟ್ಟಲೆ ದಾರಿಯಲ್ಲೇ ನಿಂತು ಅಪಾರ ಹಣ್ಣು ಕೊಳೆಯಿತು. ಕಾಶ್ಮೀರದಿಂದ ಬೆಂಗಳೂರಿನ ಪೇಟೆಗೆ ಸುಮಾರು ಮೂರು ಸಾವಿರ ಕಿಲೋಮೀಟರುಗಳ ಹಾದಿ. ತಿರುಳು ಗಟ್ಟಿಯಾಗಿರುವ ಹಣ್ಣು ಇಂತಹ ವಿಳಂಬವನ್ನು ಕೆಲವು ದಿನ ತಾಳಬಲ್ಲುದು. ಮೆತ್ತಗಾದ ಹಣ್ಣಿಗೆ ಆ ಅವಕಾಶವಿಲ್ಲ. ಸಣ್ಣ ಹಿಡುವಳಿಯ ಬೆಳೆಗಾರನ ಪಾಲಿಗೆ ಈ ಕೆಲವು ದಿನಗಳೇ ಇಡೀ ವರ್ಷದ ದುಡಿಮೆಯ ಫಲವನ್ನು ನಿರ್ಧರಿಸುತ್ತವೆ.

ಬಣ್ಣದ ಸಿಂಪರಣೆ: ಲಾಭ ಮತ್ತು ನಷ್ಟ

ಕ್ಯಾಲ್ಸಿಯಂಗೆ ನೇರ ವಿರುದ್ಧ ದಿಕ್ಕಿನಲ್ಲಿ ಕೆಲಸ ಮಾಡುವ ಸಿಂಪರಣೆಯೂ ತೋಟಗಳಲ್ಲಿ ರೂಢಿಯಲ್ಲಿದೆ. ಅದು ಎಥೆಫಾನ್. ಸೇಬು ಉಸಿರಾಟದ ಏರಿಕೆಯೊಂದಿಗೆ ಮಾಗುವ ಹಣ್ಣು. ಕೇಂಬ್ರಿಜ್‌ನ ಫ್ರಾಂಕ್ಲಿನ್ ಕಿಡ್ ಮತ್ತು ಸಿರಿಲ್ ವೆಸ್ಟ್ 1920ರ ದಶಕದಲ್ಲಿ ಈ ಏರಿಕೆಯನ್ನು ಗುರುತಿಸಿದರು. ಇದನ್ನು ಪ್ರಚೋದಿಸುವುದು ಹಣ್ಣೇ ಉತ್ಪಾದಿಸುವ ಎಥಿಲೀನ್ ಅನಿಲ. ಎಥೆಫಾನ್ ಸಸ್ಯದ ಅಂಗಾಂಶವನ್ನು ಸೇರಿದಾಗ ವಿಭಜನೆಗೊಂಡು ಎಥಿಲೀನನ್ನು ಬಿಡುಗಡೆ ಮಾಡುತ್ತದೆ. ಸಿಪ್ಪೆಯಲ್ಲಿ ಆಂಥೊಸಯನಿನ್ ವರ್ಣಕ ಬೇಗ ಹೆಚ್ಚಿ ಹಣ್ಣು ಕೆಂಪಾಗುತ್ತದೆ. ತಂಪಾದ ರಾತ್ರಿಗಳು ಕಡಿಮೆಯಿರುವ ತಗ್ಗಿನ ತೋಟಗಳಲ್ಲಿ ಬಣ್ಣ ತಾನಾಗಿ ಬರುವುದು ತಡ. ಋತುವಿನ ಆರಂಭದಲ್ಲಿ ಪೇಟೆ ಮುಟ್ಟಿದ ಹಣ್ಣಿಗೆ ಹೆಚ್ಚಿನ ಬೆಲೆ. ಈ ಎರಡರ ನಡುವೆ ಸಿಲುಕಿದ ಬೆಳೆಗಾರನು ಎಥೆಫಾನಿನ ಮೊರೆಹೋಗುವುದು ಅಸಹಜವೇನಲ್ಲ.

ಆದರೆ ಎಥಿಲೀನ್ ಬಣ್ಣವನ್ನಷ್ಟೇ ತಂದು ಸುಮ್ಮನಾಗುವುದಿಲ್ಲ. ಅದು ಮಾಗುವಿಕೆಯ ಎಲ್ಲ ಕ್ರಿಯೆಗಳನ್ನೂ ಒಟ್ಟಿಗೆ ಎಬ್ಬಿಸುತ್ತದೆ: ಪಿಷ್ಟ ಸಕ್ಕರೆಯಾಗುತ್ತದೆ, ಪೆಕ್ಟಿನ್ ಕರಗುತ್ತದೆ, ತೊಟ್ಟಿನ ಬುಡ ಸಡಿಲಗೊಂಡು ಹಣ್ಣು ಉದುರತೊಡಗುತ್ತದೆ. ಹೀಗೆ ಕೆಂಪಾದ ಹಣ್ಣನ್ನು ಕೂಡಲೇ ಕೊಯ್ದು ಕೂಡಲೇ ಮಾರಬೇಕು. ಶೇಖರಣೆಗೆ ಅದು ತಕ್ಕುದಲ್ಲ. ಕೊಳ್ಳುವವನು ಬಣ್ಣವನ್ನು ಪಕ್ವತೆಯ ಗುರುತೆಂದು ನಂಬುತ್ತಾನೆ. ಕೊಯ್ಲಿನ ಹಂತವನ್ನು ನಿರ್ಧರಿಸಲು ಬಣ್ಣಕ್ಕಿಂತ ವಿಶ್ವಾಸಾರ್ಹವಾದ ಪರೀಕ್ಷೆಗಳಿವೆ: ಕತ್ತರಿಸಿದ ಹಣ್ಣಿಗೆ ಅಯೊಡಿನ್ ಹಚ್ಚಿ ಉಳಿದ ಪಿಷ್ಟವನ್ನು ನೋಡುವುದು, ಒತ್ತಡಮಾಪಕದಿಂದ ತಿರುಳಿನ ಗಡಸನ್ನು ಅಳೆಯುವುದು, ಹೂ ಅರಳಿದ ದಿನದಿಂದ ಎಣಿಕೆ ಹಾಕುವುದು. ಎಥೆಫಾನ್ ಸಿಂಪಡಿಸಿದ ಹಣ್ಣಿನಲ್ಲಿ ಬಣ್ಣ ಹೇಳುವುದೇ ಒಂದು, ಈ ಪರೀಕ್ಷೆಗಳು ಹೇಳುವುದೇ ಇನ್ನೊಂದು.

ಎಥಿಲೀನನ್ನು ತಡೆಯುವ ಸಿಂಪರಣೆಗಳು ಇದರ ಇನ್ನೊಂದು ಮುಖ. ಕೊಯ್ಲಿಗೆ ಮೊದಲು ಹಣ್ಣು ಉದುರುವುದನ್ನು ನ್ಯಾಫ್ತಲಿನ್ ಅಸಿಟಿಕ್ ಆಮ್ಲ ತಡೆಯುತ್ತದೆಂದು ಅಮೆರಿಕದ ಗಾರ್ಡ್‌ನರ್, ಮಾರ್ತ್ ಮತ್ತು ಬ್ಯಾಟ್ಜರ್ 1939ರಲ್ಲಿ ತೋರಿಸಿದರು. ಇದು ಹಣ್ಣನ್ನು ಮರದಲ್ಲಿ ನಿಲ್ಲಿಸುತ್ತದೆಯೇ ಹೊರತು ಮಾಗುವುದನ್ನು ನಿಲ್ಲಿಸುವುದಿಲ್ಲ. ಹೆಚ್ಚು ಕಾಲ ನಿಲ್ಲಿಸಿದರೆ ಹಣ್ಣು ಮರದಲ್ಲಿಯೇ ಮೆತ್ತಗಾಗುತ್ತದೆ. ಅಮೈನೊಎಥಾಕ್ಸಿವಿನೈಲ್‌ಗ್ಲೈಸೀನ್ ಎಂಬ ಸಂಯುಕ್ತವು ಎಥಿಲೀನ್ ತಯಾರಿಕೆಯ ಒಂದು ಪ್ರಮುಖ ಕಿಣ್ವವನ್ನು ತಡೆಯುತ್ತದೆ. ಕೊಯ್ಲಿಗೆ ಸುಮಾರು ನಾಲ್ಕು ವಾರ ಮೊದಲು ಇದನ್ನು ಸಿಂಪಡಿಸಿದರೆ ಹಣ್ಣು ಉದುರುವುದೂ ಮೆತ್ತಗಾಗುವುದೂ ತಡವಾಗುತ್ತವೆ. ಜೊತೆಗೆ ಬಣ್ಣವೂ ತಡವಾಗುತ್ತದೆ. ಉತ್ತರ ಕ್ಯಾರೊಲಿನ ರಾಜ್ಯ ವಿಶ್ವವಿದ್ಯಾಲಯದ ಎಡ್ವರ್ಡ್ ಸಿಸ್ಲರ್ ಮತ್ತು ಸಿಲ್ವಿಯ ಬ್ಲಾಂಕೆನ್‌ಶಿಪ್ ಅವರ ಶೋಧವಾದ 1-ಮೀಥೈಲ್‌ಸೈಕ್ಲೊಪ್ರೊಪೀನ್, ಎಥಿಲೀನ್ ಅಂಟಿಕೊಳ್ಳಬೇಕಾದ ಗ್ರಾಹಕಗಳನ್ನೇ ಆಕ್ರಮಿಸಿ ಹಣ್ಣನ್ನು ಅದಕ್ಕೆ ಕುರುಡಾಗಿಸುತ್ತದೆ. 2000ದ ದಶಕದ ಆರಂಭದಿಂದ ಉಗ್ರಾಣಗಳಲ್ಲಿ ಅನಿಲರೂಪದಲ್ಲಿ ಬಳಕೆಗೆ ಬಂದ ಇದಕ್ಕೆ ಮುಂದೆ ಸಿಂಪಡಿಸುವ ರೂಪವೂ ದೊರೆಯಿತು. ಇವು ಮಾಗುವಿಕೆಯನ್ನು ಮುಂದೂಡುತ್ತವೆ, ಆದರೆ ಕ್ಯಾಲ್ಸಿಯಂ ಕೊರತೆಯನ್ನು ತುಂಬಲಾರವು.

ಸಿಪ್ಪೆಯ ರಕ್ಷಣೆ

ಬಾಳಿಕೆಯ ಇನ್ನೊಂದು ಆಧಾರ ಅಖಂಡವಾದ ಸಿಪ್ಪೆ. ಬೋರಾನಿನ ಕೊರತೆ ಹಣ್ಣಿನಲ್ಲಿ ಬೆಂಡನ್ನೂ ಬಿರುಕನ್ನೂ ಉಂಟುಮಾಡುತ್ತದೆ, ಶೇ. 0.1ರ ಬೋರಿಕ್ ಆಮ್ಲದ ಸಿಂಪರಣೆ ಇದಕ್ಕೆ ಪರಿಹಾರ. ಬೋರಾನಿನ ವಿಷಯದಲ್ಲಿ ಕೊರತೆಗೂ ಮಿತಿಮೀರುವಿಕೆಗೂ ನಡುವಿನ ಅಂತರ ಕಿರಿದಾಗಿದ್ದು, ಹೆಚ್ಚಾದರೆ ಹಣ್ಣು ಬೇಗ ಮಾಗಿ ಬಾಳಿಕೆ ಕುಗ್ಗುತ್ತದೆ. ಗೋಲ್ಡನ್ ಡೆಲಿಷಿಯಸ್ ತಳಿಯ ಸಿಪ್ಪೆ ಒರಟಾಗುವುದನ್ನು ತಡೆಯಲು ಹೂದಳ ಉದುರಿದ ಹಂತದಿಂದ ಜಿಬ್ಬರೆಲಿನ್ 4 ಮತ್ತು 7ರ ಮಿಶ್ರಣವನ್ನು ಕೆಲವು ಬಾರಿ ಸಿಂಪಡಿಸುತ್ತಾರೆ. ಕೇವೊಲಿನ್ ಜೇಡಿಯ ನವುರಾದ ಬಿಳಿ ಲೇಪ ಬಿಸಿಲಿನ ಸುಟ್ಟಗಾಯವನ್ನು ತಗ್ಗಿಸುತ್ತದೆ.

ಶಿಲೀಂಧ್ರನಾಶಕಗಳ ಪಾತ್ರವೂ ಇಲ್ಲಿ ಗಮನಾರ್ಹ. ಕಾಶ್ಮೀರದಲ್ಲಿ 1973ರಲ್ಲಿ, ಹಿಮಾಚಲದಲ್ಲಿ 1980ರ ದಶಕದ ಆರಂಭದಲ್ಲಿ ಕಜ್ಜಿರೋಗ ವ್ಯಾಪಕವಾಗಿ ಹರಡಿ ಬೆಳೆಯನ್ನು ಹಾಳುಗೆಡವಿತು. ಕೊಯ್ಲಿನ ಸಮೀಪ ತಗಲಿದ ಸೋಂಕು ತೋಟದಲ್ಲಿ ಕಣ್ಣಿಗೆ ಬೀಳದೆ ಉಗ್ರಾಣದಲ್ಲಿ ಕಪ್ಪು ಚುಕ್ಕೆಗಳಾಗಿ ಹೊರಬರುತ್ತದೆ. ಈ ರೋಗದ ವಿರುದ್ಧ ಅತ್ಯಂತ ಸರಳವಾದ ಸಿಂಪರಣೆ ಹಣ್ಣಿನ ಮೇಲೆ ನಡೆಯುವುದೇ ಇಲ್ಲ. ಶರತ್ಕಾಲದಲ್ಲಿ, ಎಲೆ ಉದುರುವ ಮೊದಲು, ಶೇ. 5ರ ಯೂರಿಯ ದ್ರಾವಣವನ್ನು ಎಲೆಗಳಿಗೆ ಸಿಂಪಡಿಸಿದರೆ ಅವು ಬೇಗ ಕೊಳೆತು, ಅವುಗಳಲ್ಲಿ ಚಳಿಗಾಲ ಕಳೆಯಬೇಕಾದ ಶಿಲೀಂಧ್ರದ ನೆಲೆ ತಪ್ಪುತ್ತದೆ. ಮುಂದಿನ ವರ್ಷದ ಹಣ್ಣಿನ ಬಾಳಿಕೆಗೆ ಹಿಂದಿನ ವರ್ಷದ ಉದುರೆಲೆಯೂ ಕಾರಣವಾಗುವುದಕ್ಕೆ ಇದೊಂದು ಉತ್ತಮ ನಿದರ್ಶನ.

ಅಲಾರ್ ಪ್ರಕರಣದ ಪಾಠ

ಸಿಂಪರಣೆಯ ಯಶಸ್ಸನ್ನು ಹಣ್ಣಿನ ಗುಣದಿಂದ ಮಾತ್ರ ಅಳೆಯಲಾಗದು ಎಂಬುದನ್ನು ಡಾಮಿನೊಜೈಡ್ ಎಂಬ ರಾಸಾಯನಿಕದ ಇತಿಹಾಸ ತೋರಿಸಿಕೊಟ್ಟಿದೆ. ‘ಅಲಾರ್’ ಎಂಬ ವ್ಯಾಪಾರನಾಮದ ಈ ಬೆಳವಣಿಗೆ ನಿಯಂತ್ರಕಕ್ಕೆ ಅಮೆರಿಕದಲ್ಲಿ 1968ರಲ್ಲಿ ಸೇಬಿನ ಮೇಲೆ ಬಳಸಲು ಅನುಮತಿ ದೊರೆಯಿತು. ಹಣ್ಣು ಉದುರುವುದನ್ನು ತಡೆದು, ಬಣ್ಣವನ್ನು ಹೆಚ್ಚಿಸಿ, ತಿರುಳನ್ನು ಗಟ್ಟಿಯಾಗಿರಿಸಿ, ಬಾಳಿಕೆಯನ್ನು ಬೆಳೆಸುವ ಗುಣಗಳೆಲ್ಲವೂ ಅದರಲ್ಲಿದ್ದವು. ತೋಟಗಾರಿಕೆಯ ದೃಷ್ಟಿಯಿಂದ ಅದಕ್ಕೆ ಸಾಟಿಯಾದುದು ವಿರಳ. ಆದರೆ ಅದು ಹಣ್ಣಿನ ಒಳಸೇರುತ್ತಿದ್ದುದರಿಂದ ತೊಳೆದರೆ ಹೋಗುತ್ತಿರಲಿಲ್ಲ. ರಸ ಮತ್ತು ಸಾಸ್ ತಯಾರಿಸಲು ಕಾಯಿಸಿದಾಗ ಅದರಿಂದ ಉಂಟಾಗುವ ವಿಭಜಿತ ವಸ್ತು ಕ್ಯಾನ್ಸರಿಗೆ ಕಾರಣವಾಗಬಹುದೆಂಬ ಶಂಕೆ ಪ್ರಾಣಿಪ್ರಯೋಗಗಳಿಂದ ಮೂಡಿತು. 1989ರ ಫೆಬ್ರವರಿಯಲ್ಲಿ ಸಿಬಿಎಸ್ ದೂರದರ್ಶನ ವಾಹಿನಿಯ ಕಾರ್ಯಕ್ರಮವೊಂದು ಈ ವಿಷಯವನ್ನು ಪ್ರಸಾರ ಮಾಡಿದೊಡನೆ ಜನರು ಸೇಬನ್ನೇ ದೂರವಿರಿಸಿದರು. ಅದೇ ವರ್ಷ ಆಹಾರದ ಬೆಳೆಗಳ ಮೇಲೆ ಅದರ ಬಳಕೆ ಕೊನೆಗೊಂಡಿತು. ಅಪಾಯದ ಪ್ರಮಾಣವನ್ನು ಕುರಿತು ಅನಂತರವೂ ವಾದವಿವಾದಗಳು ನಡೆದವು. ವಾಹಿನಿಯ ವಿರುದ್ಧ ವಾಷಿಂಗ್ಟನ್ ರಾಜ್ಯದ ಬೆಳೆಗಾರರು ಹೂಡಿದ ಮೊಕದ್ದಮೆ ಬಿದ್ದುಹೋಯಿತು. ಅಲಾರನ್ನು ಬಳಸದಿದ್ದ ಬೆಳೆಗಾರರೂ ನಷ್ಟವನ್ನು ಅನುಭವಿಸಿದರು.

ಗ್ರಾಹಕನ ವಿಶ್ವಾಸವೂ ಹಣ್ಣಿನ ಗುಣಮಟ್ಟದ ಒಂದು ಅಂಗ. ಅದು ಕೆಟ್ಟರೆ ಯಾವ ಶೀತಲಗೃಹವೂ ಅದನ್ನು ಕಾಯಲಾರದು. ಭಾರತದಲ್ಲಿ 1968ರ ಕೀಟನಾಶಕ ಕಾಯಿದೆ ನೋಂದಣಿ ಪದ್ಧತಿಯನ್ನು ಜಾರಿಗೆ ತಂದಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ ಶೇಷಾಂಶಗಳ ಮಿತಿಗಳಿಗೆ ಆಧಾರವಾಯಿತು. ಯಾವ ಬೆಳೆಗೆ ಯಾವ ರಾಸಾಯನಿಕ, ಎಷ್ಟು ಪ್ರಮಾಣ, ಕೊನೆಯ ಸಿಂಪರಣೆಗೂ ಕೊಯ್ಲಿಗೂ ಎಷ್ಟು ದಿನಗಳ ಅಂತರ ಎಂಬ ನಿಯಮಗಳು ಕಾಗದದಲ್ಲಿ ಉಳಿಯದೆ ತೋಟದಲ್ಲಿ ಪಾಲನೆಯಾದಾಗಲೇ ಸಾರ್ಥಕ.

ಉಪಸಂಹಾರ

ತೋಟದ ಸಿಂಪರಣೆಗಳನ್ನು ಎರಡು ವರ್ಗಗಳಾಗಿ ನೋಡಬಹುದು. ಕ್ಯಾಲ್ಸಿಯಂ, ಮಿತವಾದ ಬೋರಾನ್ ಮತ್ತು ಸಿಪ್ಪೆಯ ರಕ್ಷಕಗಳು ಹಣ್ಣಿಗೆ ಕೊರತೆಯಾದುದನ್ನು ತುಂಬುತ್ತವೆ ಅಥವಾ ಇರುವುದನ್ನು ಕಾಯುತ್ತವೆ. ಎಥಿಲೀನಿನ ಸುತ್ತ ಕೆಲಸ ಮಾಡುವ ನಿಯಂತ್ರಕಗಳು ಹಣ್ಣಿನ ಕಾಲವನ್ನು ಹಿಂದೆ ಮುಂದೆ ಸರಿಸುತ್ತವೆ. ಅವುಗಳಲ್ಲಿ ಪ್ರತಿಯೊಂದು ಲಾಭಕ್ಕೂ ಎದುರಾಗಿ ಒಂದು ನಷ್ಟವಿದೆ. ಈ ವ್ಯತ್ಯಾಸವನ್ನು ಅರಿಯದೆ ಎಲ್ಲವನ್ನೂ ‘ಟಾನಿಕ್’ ಎಂದು ಕರೆದು ಸಿಂಪಡಿಸುವುದು ಹಣವನ್ನೂ ಹಣ್ಣನ್ನೂ ಕಳೆಯುತ್ತದೆ.

ಸಿಂಪರಣೆ ಬೇಸಾಯಕ್ಕೆ ಪೂರಕವೇ ಹೊರತು ಪರ್ಯಾಯವಲ್ಲ. ಹಿತಮಿತವಾದ ಸಾರಜನಕ, ಸಮನಾದ ಫಸಲು, ಬೆಳಕು ಬೀಳುವಂತಹ ಚಾಟನಿ, ತೇವವನ್ನು ಕಾಯುವ ಹೊದಿಕೆ, ಸಕಾಲದ ಕೊಯ್ಲು ಇವಿದ್ದ ತೋಟದಲ್ಲಿ ಕೆಲವೇ ಕ್ಯಾಲ್ಸಿಯಂ ಸಿಂಪರಣೆಗಳು ದೊಡ್ಡ ಫಲ ಕೊಡುತ್ತವೆ. ಇವಿಲ್ಲದೆಡೆ ಎಷ್ಟು ಸಿಂಪಡಿಸಿದರೂ ಫಲ ಅಷ್ಟಕ್ಕಷ್ಟೆ. ಕುಬ್ಜ ಬೇರುಕಾಂಡದ ಮೇಲೆ ಒತ್ತಾಗಿ ಬೆಳೆಸುವ ಹೊಸ ತೋಟಗಳು ಹಿಮಾಲಯದಲ್ಲಿ ಹೆಚ್ಚುತ್ತಿರುವುದರಿಂದ, ಎಳೆಯ ಮರಗಳ ದಪ್ಪ ಹಣ್ಣುಗಳಲ್ಲಿ ಈ ಸಮಸ್ಯೆ ಇನ್ನಷ್ಟು ಮುನ್ನೆಲೆಗೆ ಬರುವ ಸಂಭವವಿದೆ. ಹಣ್ಣಿನ ಖನಿಜ ವಿಶ್ಲೇಷಣೆಯ ಸೌಲಭ್ಯ ಸಣ್ಣ ಬೆಳೆಗಾರನ ಸಮೀಪಕ್ಕೆ ಬಂದು, ಯಾವ ತೋಟದ ಹಣ್ಣನ್ನು ಇಡಬೇಕು, ಯಾವುದನ್ನು ಕೂಡಲೇ ಮಾರಬೇಕು ಎಂಬುದು ಕೊಯ್ಲಿಗೆ ಮೊದಲೇ ತಿಳಿಯುವಂತಾದರೆ, ಬೆಳೆಗಾರನಿಗೂ ಶೀತಲಗೃಹದವರಿಗೂ ನಡುವಿನ ಹಳೆಯ ದೂರು ಬಹುಮಟ್ಟಿಗೆ ತೀರುತ್ತದೆ.